ಒಂಟೆಯ ಶಿಷ್ಯೆ

ಒದ್ದೆ ಬೆಡ್‌ಶೀಟಿನ ಎರಡು ಮೂಲೆಗಳನ್ನು ಇಬ್ಬರು ಹಿಡಿದು, ಒಂದೇ ಸಲಕ್ಕೆ ಕೊಡವಿ, ಅಂಚು ಒಂದಿಷ್ಟೂ ಓರೆಯಾಗದಂತೆ ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಕೊಟ್ಟ ಕೈ ಹಿಂದೆ ಬರುವಷ್ಟರಲ್ಲಿ ಮುಂದಿನದು ಸಿದ್ಧವಾಗಿರಬೇಕು. ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯ ಇಸ್ತ್ರಿ ಹಾಲಿನಲ್ಲಿ ಹೀಗೆ ನಿಲ್ಲುವ ಇಬ್ಬರಿಗೆ ಜೋಡಿ ಎನ್ನುತ್ತಿದ್ದರು. ಜೋಡಿಯಲ್ಲಿ ಒಬ್ಬಳು ಕದಲಿದರೆ ಇನ್ನೊಬ್ಬಳ ಕೈ ಕಟ್ಟಿಹಾಕಿದಂತೆ. ರೋಲರು ನಿಲ್ಲುತ್ತದೆ, ಒಳಗೆ ಸಿಕ್ಕಿಕೊಂಡ ಬಟ್ಟೆ ಹಳದಿಗಟ್ಟುತ್ತದೆ, ಗಂಟೆ ಹೊಡೆದುಕೊಳ್ಳುತ್ತದೆ, ಇಡೀ ಹಾಲು ತಿರುಗಿ ನೋಡುತ್ತದೆ. ಆ ನೋಟಕ್ಕೆ ಹೆದರಿಯೇ ಅಲ್ಲಿನ ಹೆಂಗಸರು ಎದ್ದಾಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ತಾನೇ ಹೋಗಬೇಕಾಗುವುದು?

ಈ ವಿದ್ಯೆಯಲ್ಲಿ ಮೊದಲ ರೋಲರಿನ ದೊಡ್ಡಮ್ಮನನ್ನು ಮೀರಿಸುವವರಿರಲಿಲ್ಲ. ಬೆಳಿಗ್ಗೆ ಹಾಲಿಗೆ ಕಾಲಿಟ್ಟರೆ ಸಂಜೆ ಹೊರಗೆ ಹೋಗುವವರೆಗೆ ಅವಳ ನಾಲಿಗೆಗೆ ಒಂದು ಹನಿ ತಾಗುತ್ತಿರಲಿಲ್ಲ. ಜೊತೆ ಕೆಲಸದವರು ಅವಳಿಗೆ ಒಂಟೆ ಎಂದು ಹೆಸರಿಟ್ಟಿದ್ದರು. ಅವಳಿಗೆ ಬೇಸರವಿರಲಿಲ್ಲ, ಬದಲಿಗೆ ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದಳು. ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದವಳು ಪಕ್ಕದಲ್ಲೇ ಜೋಡಿಯಾಗಿ ನಿಂತ ತಂಗಿಯ ಮಗಳು. ಮಾತು ಪಟಪಟ ಸಿಡಿಯುತ್ತಿದ್ದುದರಿಂದ ಹುಡುಗಿಗೆ ಚಿನಕುರುಳಿ ಎಂದೇ ಹೆಸರು. ಕಳೆದ ಚಳಿಗಾಲದಲ್ಲಿ ಅವಳನ್ನು ಸೇರಿಸುವಾಗ ತಂಗಿ ಹೇಳಿದ್ದಳು: "ಬೇರೆ ಕಡೆ ಬೇಡ ಅಕ್ಕ. ನಿನ್ನ ಕಣ್ಣೆದುರಿಗೇ ಇರ್ಲಿ. ನಂಗೆ ನಿಶ್ಚಿಂತೆ."

ಸೇರಿದ ಹೊಸದರಲ್ಲಿ ಹುಡುಗಿ ಆಗಾಗ ಕಾಲು ಬದಲಿಸುತ್ತಾ ಕೇಳುತ್ತಿದ್ದಳು, "ದೊಡ್ಡಮ್ಮ, ಒಂದ್ನಿಮಿಷ ಹೋಗಿ ಬರ್ಲಾ?"

"ಊಟದ ಗಂಟೆ ಆಗ್ಲಿ. ನಾನು ನಿಂತಿಲ್ವಾ?"

"ನೀನು ಒಂಟೆ. ನಾನಿನ್ನೂ ಮರಿ."

ಈಗ ಕೇಳುವುದನ್ನು ಬಿಟ್ಟಿದ್ದಳು. ಬಾಯಾರಿಕೆಯೇ ಆಗುವುದಿಲ್ಲ ಎನ್ನುತ್ತಿದ್ದಳು. ದೊಡ್ಡಮ್ಮನಿಗೆ ಒಳಗೊಳಗೇ ಹೆಮ್ಮೆ.

ಬೇಸಿಗೆ ಏರಿದ ಮೇಲೆ ಇಸ್ತ್ರಿ ಹಾಲಿಗೆ ಒಬ್ಬ ಡಾಕ್ಟರಮ್ಮ ಬಂದಳು. ಮದ್ದು ಕೊಡುವ ಡಾಕ್ಟರಲ್ಲ, ದೇಹ ಹೇಗೆ ಕೆಲಸ ಮಾಡುತ್ತದೆಂದು ಸಂಶೋಧನೆ ಮಾಡುವವಳು. ಸೆಕೆಯಲ್ಲಿ ದುಡಿಯುವವರ ಕಿಡ್ನಿ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಎರಡು ಬೇಸಿಗೆ ದಾಟಿದ ಹಳಬರು ಮಾತ್ರ ಬೇಕು, ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಬಟ್ಟಲಲ್ಲಿ ಮೂತ್ರ ಕೊಡಬೇಕು, ಫಲಿತಾಂಶ ಅವರವರಿಗೇ ಹೊರತು ಮಾಲೀಕರಿಗಲ್ಲ ಎಂದು ಬಿಡಿಸಿ ಹೇಳಿದಳು.

ಅವಳು ಅತ್ತ ಹೋಗುತ್ತಿದ್ದಂತೆ, ಮಡಿಸುವ ಬದಿಯಲ್ಲಿದ್ದ ರೇಡಿಯೋ ಶುರುವಾದಳು. ಸುದ್ದಿ ಹಂಚುವುದರಿಂದ ಬಂದ ಹೆಸರು ಅದು. "ನಂಬ್ಬೇಡ್ರೇ. ಬಾಯ್ಲರಿನ ಅಣ್ಣ ಕೆಮ್ತಾನೆ ಅಂತ ಮೊದ್ಲು ಪರೀಕ್ಷೆ ಮಾಡಿಸಿದ್ರು. ಆಮೇಲೆ ರೆಸ್ಟ್ ತಗೊಳ್ಳಿ ಅಂದ್ರು. ಇವತ್ತಿಗೂ ರೆಸ್ಟಲ್ಲೇ ಇದಾನೆ."

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಕೆಲವು ತಿಂಗಳಿಂದ ಅವಳ ಪಾದ ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಮೂತ್ರಕ್ಕೆ ಕುದಿದು ಹೋದ ಚಹಾದ ಬಣ್ಣ. ಹೊರಗೆ ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಇಲ್ಲದಂತೆಯೇ ಎಂದುಕೊಂಡಿದ್ದಳು. ಈಗ ಬಟ್ಟಲು ಹೇಳಿಬಿಡುತ್ತದೆ. ಕೆಲಸ ಬಿಟ್ಟರೆ ಅವಳಿಗೆ ಇನ್ನೇನಿದೆ?

ಸಂಜೆ ಬಟ್ಟೆ ಬದಲಿಸುವ ಕೋಣೆಯ ಮೂಲೆಗೆ ಚಿನಕುರುಳಿಯನ್ನು ಎಳೆದುಕೊಂಡು ಹೋದಳು.

"ಇದನ್ನ ತುಂಬಿಸ್ಕೊಂಡು ಬಾ."

ಹುಡುಗಿ ಬಟ್ಟಲು ನೋಡಿ ಕಣ್ಣರಳಿಸಿದಳು. "ಪರೀಕ್ಷೆ ನಿಂದು, ಉತ್ತರ ನಂದಾ? ಶಾಲೇಲಿ ಕಾಪಿ ಹೊಡೆದ್ರೆ ನೀನೇ ಬಾಸುಂಡೆ ಬರೋ ಹಾಗೆ ಹೊಡೀತಿದ್ದೆ!"

"ಬಾಯಿ ಮುಚ್ಚು. ನಿಂದು ಎಳೆ ದೇಹ, ಶುದ್ಧವಾಗಿರತ್ತೆ. ನಿನ್ನ ಹೇಗೂ ಯಾರೂ ಕೇಳಲ್ಲ. ಬೇಗ ಹೋಗು."

ಹುಡುಗಿ ಬಹಳ ಹೊತ್ತು ಬರಲಿಲ್ಲ. ಕೊನೆಗೆ ಬಂದು, "ಬರೋದೇ ಇಲ್ಲ ಅಂತು ನೋಡು, ಇಷ್ಟೇ ಸಿಕ್ಕಿದ್ದು," ಎಂದು ಕೈಗಿಟ್ಟಳು. ನಾಚಿಕೆಯಿಂದ ದೊಡ್ಡಮ್ಮ ಅದರತ್ತ ನೋಡಲೇ ಇಲ್ಲ. ಕರವಸ್ತ್ರದಲ್ಲಿ ಸುತ್ತಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ತನ್ನ ಗುರುತು ಹೇಳಿ, ಕಳ್ಳಹೆಜ್ಜೆಯಲ್ಲಿ ಹೊರಬಿದ್ದಳು. ಗಂಡಾಂತರ ಕಳೆಯಿತು ಎಂದುಕೊಂಡಳು.

ಮರುದಿನ ಊಟದ ಗಂಟೆಯಲ್ಲಿ ಡಾಕ್ಟರಮ್ಮ ಅವಳೊಬ್ಬಳನ್ನೇ ಕರೆಸಿದಳು. ಒಗೆದ ಬಟ್ಟೆಯ ಗಂಟುಗಳ ನಡುವೆ ಎರಡು ಸ್ಟೂಲು. ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ.

"ಕೂತ್ಕೊಳ್ಳಿ ಅಮ್ಮ. ನಿಮ್ಮನ್ನ ಇಲ್ಲಿ ಒಂಟೆ ಅಂತಾರಂತೆ?"

"ಸುಮ್ನೆ ತಮಾಷೆಗೆ..."

"ಒಂಟೆ ಕೂಡ ನೀರು ಸಿಕ್ಕಾಗ ಹಂಡೆಗಟ್ಟಲೆ ಕುಡಿಯತ್ತೆ. ನೀವು ಅದನ್ನೂ ಮಾಡಲ್ಲ." ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಮ್ಮ ಪ್ರಯೋಗಾಲಯದಲ್ಲಿ ಮರುಭೂಮಿಯ ಇಲಿಗಳಿವೆ. ಬದುಕಿಡೀ ನೀರೇ ಕುಡೀದೆ ಇರಬಲ್ಲವು. ತಿನ್ನೋ ಕಾಳಲ್ಲೇ ಬೇಕಾದ ನೀರು ಹುಟ್ಟಿಸ್ಕೊಳ್ತವೆ. ಅವುಗಳ ಕಿಡ್ನಿ ಇರೋದೇ ಹಾಗೆ, ಹನಿಯನ್ನೂ ಹೊರಗೆ ಬಿಡಲ್ಲ. ನಮ್ಮದು ಹಾಗಲ್ಲ. ನೀರು ಕಮ್ಮಿ ಆದ್ರೆ ಮಿದುಳು ಕಿಡ್ನಿಗೆ ಹಿಡಿದಿಟ್ಕೋ ಅಂತ ಆಜ್ಞೆ ಕಳಿಸತ್ತೆ. ಒಂದು ದಿನ ಆದ್ರೆ ಸರಿ. ದಿನಾಲೂ ಅದೇ ಆಜ್ಞೆ, ಮೇಲಿಂದ ಈ ಸೆಕೆ. ಹಿಡಿಯೋ ಕೈಯೇ ಸವೆದು ಹೋಗತ್ತೆ."

"ನೋವೇನೂ ಇಲ್ವಲ್ಲ ಡಾಕ್ಟ್ರಮ್ಮ?"

"ಅದೇ ನನ್ನ ಭಯ. ಹಲ್ಲು ಕೂಗಿ ಹೇಳತ್ತೆ, ಹೊಟ್ಟೆ ಕೂಗಿ ಹೇಳತ್ತೆ. ಕಿಡ್ನಿ ಹೇಳೋದೇ ಇಲ್ಲ. ಹೇಳೋ ಹೊತ್ತಿಗೆ ಬಹಳ ಸಲ ಕೈಮೀರಿರತ್ತೆ. ನಿಮ್ಮ ಬಟ್ಟಲಲ್ಲಿ ರಕ್ತದ ಅಂಶ ಇದೆ, ಪ್ರೋಟೀನು ಸೋರ್ತಿದೆ. ಈ ಸಂಶೋಧನೆಯಲ್ಲಿ ಇಲ್ಲಿವರೆಗೆ ನೋಡಿದ್ರಲ್ಲಿ ಇದೇ ಕೆಟ್ಟದು. ತಲೆನೋವಿಗೆ ಮಾತ್ರೆ ನುಂಗ್ತೀರಾ?"

"ಇಲ್ಲ," ಎಂದಳು ದೊಡ್ಡಮ್ಮ. ಅದು ನಿಜವಾಗಿತ್ತು.

"ವಿಚಿತ್ರ. ನಾನು ಹಾಗಂದ್ಕೊಂಡಿದ್ದೆ. ಇವತ್ತೇ ರಕ್ತ ಕೊಟ್ಟು ಹೋಗಿ. ತಡ ಮಾಡೋ ಹಾಗಿಲ್ಲ."

ದೊಡ್ಡಮ್ಮನಿಗೆ ಮೊದಲು ಬಂದದ್ದು ಸಮಾಧಾನ, ಸದ್ಯ ನಂದಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು. ನಂದಲ್ಲದಿದ್ದರೆ ಯಾರದು?

ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಮೋಸ ಮಾಡಿದವಳಾಗುತ್ತಾಳೆ. ಮೇಸ್ತ್ರಿಗೆ ತಿಳಿಯುತ್ತದೆ. ಇಬ್ಬರ ಕೆಲಸವೂ ಹೋಗುತ್ತದೆ. ತಂಗಿಯ ಮುಖ ಕಣ್ಣಿಗೆ ಕಟ್ಟಿತು. "ಸಂಜೆ ಬರ್ತೀನಿ," ಎಂದಷ್ಟೇ ಹೇಳಿ ಎದ್ದಳು. ಹುಡುಗಿಗೆ ತಾನೇ ಗುಟ್ಟಾಗಿ ನೀರು ಕುಡಿಸಿದರಾಯಿತು, ಎಳೆ ದೇಹ, ಸರಿಹೋಗುತ್ತದೆ ಎಂದು ನಡೆಯುತ್ತಾ ತನಗೆ ತಾನೇ ಹೇಳಿಕೊಂಡಳು. ದಾರಿಯಲ್ಲಿ ನಲ್ಲಿಯ ಹತ್ತಿರ ನಿಂತು ಒಂದು ಬಾಟಲಿ ನೀರು ತುಂಬಿಕೊಂಡಳು.

ರೋಲರಿನ ಹತ್ತಿರ ಚಿನಕುರುಳಿ ಆಗಲೇ ನಿಂತಿದ್ದಳು. ದೊಡ್ಡಮ್ಮ ಅವಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ತುಟಿ ಬಿರಿದು ಬಿಳಿಚಿಕೊಂಡಿದೆ. ಕಣ್ಣಿನ ಕೆಳಗೆ ಊತ. ಅಷ್ಟು ಸೆಕೆಯಲ್ಲೂ ಹಣೆಯ ಮೇಲೆ ಬೆವರಿಲ್ಲ. ಇದೆಲ್ಲ ಯಾವಾಗ ಆಯಿತು? ದಿನವಿಡೀ ಮಾರುದೂರದಲ್ಲಿ ನಿಂತಿದ್ದಳಲ್ಲ!

"ತಗೋ, ಸ್ವಲ್ಪ ನೀರು ಕುಡಿ."

"ನಂಗ್ಯಾಕೆ? ಬಾಯಾರಿಲ್ಲ."

"ಬಾಯಾರದಿದ್ರೂ ಕುಡಿಯೇ."

"ಏನ್ ದೊಡ್ಡಮ್ಮ ಇವತ್ತು, ಸೂರ್ಯ ಯಾವ ಕಡೆ ಹುಟ್ಟಿದಾನೆ? ಕುಡಿದ್ರೆ ಹೋಗ್ಬೇಕಾಗತ್ತೆ, ಹೋದ್ರೆ ಗಂಟೆ ಹೊಡಿಯತ್ತೆ, ಹೊಡೆದ್ರೆ ಮರ್ಯಾದೆ ಹೋಗತ್ತೆ. ನೀನೇ ಬಾಯಿಪಾಠ ಮಾಡ್ಸಿದ್ದು." ಹುಡುಗಿ ಸೊಂಟದ ಚೀಲದಿಂದ ಒಂದು ಮಾತ್ರೆ ತೆಗೆದಳು. "ತಲೆ ಸಿಡೀತಿದೆ ಅಷ್ಟೆ. ಇಲ್ನೋಡು, ನೀರೇ ಬೇಡ ನಂಗೆ."

ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಕತ್ತು ಹಿಂದಕ್ಕೆ ಎಸೆದು, ಒಣಗಂಟಲಲ್ಲೇ ನುಂಗಿದಳು. ನುಂಗಿ, ಶಾಬಾಸ್ ಅನ್ನಿಸಿಕೊಳ್ಳಲು ಕಾದ ಮಗುವಿನಂತೆ ದೊಡ್ಡಮ್ಮನ ಮುಖ ನೋಡಿ ನಕ್ಕಳು.

"ಎಷ್ಟು ದಿನದಿಂದ ನುಂಗ್ತಿದೀಯ ಇದನ್ನ?"

"ದಿನಾ ಒಂದು. ಸೆಕೆ ಜಾಸ್ತಿ ಇದ್ರೆ ಎರಡು. ಯಾಕೆ?"

ಶೀಟು ಕೈಗೆ ಬಂದಿತ್ತು. ಇಬ್ಬರೂ ಕೊಡವಿದರು, ಅಂಚು ರೋಲರಿನ ಬಾಯಿಗೆ ಹೋಯಿತು. ದೊಡ್ಡಮ್ಮ ಹಾಗೇ ಕೈ ಬಿಟ್ಟಳು. ಶೀಟು ಓರೆಯಾಗಿ ಸುತ್ತಿಕೊಂಡು ಮುದ್ದೆಯಾಯಿತು. ರೋಲರು ಗಕ್ಕನೆ ನಿಂತಿತು. ಗಂಟೆ ಹೊಡೆದುಕೊಳ್ಳತೊಡಗಿತು.

ಇಡೀ ಹಾಲು ತಿರುಗಿ ನೋಡಿತು. ಒಂಟೆಯ ರೋಲರು!

ಮೇಸ್ತ್ರಿ ಓಡೋಡಿ ಬಂದ. "ಏನಕ್ಕಾ ಇದು? ಮಧ್ಯಾಹ್ನದ ಲಾರಿ ಬಾಗಿಲಲ್ಲಿ ನಿಂತಿದೆ. ಬೇರೆ ಯಾರಾದ್ರೂ ಆಗಿದ್ರೆ ಅನ್ನಬಹುದಿತ್ತು, ನೀವೇ ಹಿಂಗೆ ಮಾಡಿದ್ರೆ ನಾನು ಮಿಕ್ಕವರಿಗೆ ಏನ್ ಹೇಳ್ಲಿ?"

"ಇವಳನ್ನ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗ್ಬೇಕು."

"ಸಂಜೆ ಹೋಗಿ."

"ಈಗ್ಲೇ ಹೋಗ್ಬೇಕು. ನೀರಿಲ್ದೆ ಒಣಗಿ ಹೋಗಿದಾಳೆ."

"ಅಕ್ಕಾ, ನನ್ನ ಕಷ್ಟಾನೂ ನೋಡಿ. ಬಟ್ಟೆ ಹಳದಿ ಆದ್ರೆ ನನ್ನ ಕುತ್ತಿಗೆ ಹಿಡೀತಾರೆ. ನಾನೇನು ನೀರು ಕುಡೀಬೇಡಿ ಅಂತ ಯಾವತ್ತಾದ್ರೂ ಹೇಳಿದೀನಾ?"

ಅವನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅದು ನೆನಪಾಗಿ ದೊಡ್ಡಮ್ಮನಿಗೆ ಇನ್ನಷ್ಟು ದಿಗಿಲಾಯಿತು. ಹೇಳಿಕೊಟ್ಟವಳು ತಾನು.

ಗಂಟೆಯ ಸದ್ದಿಗೆ ಡಾಕ್ಟರಮ್ಮನೂ ಬಾಗಿಲಿಗೆ ಬಂದಿದ್ದಳು. ದೊಡ್ಡಮ್ಮ ಗಂಟೆಗಿಂತ ಗಟ್ಟಿಯಾಗಿ ಹೇಳಬೇಕಾಯಿತು.

"ಡಾಕ್ಟ್ರಮ್ಮ, ನಿನ್ನೆ ಕೊಟ್ಟಿದ್ದು ನಂದಲ್ಲ. ನನ್ನ ಕೆಲಸ ಹೋಗತ್ತೆ ಅಂತ ಹೆದ್ರಿ ಈ ಹುಡುಗಿಯದ್ದು ಕೊಟ್ಟೆ. ಆ ರಕ್ತ, ಆ ಸೋರೋದು, ಎಲ್ಲಾ ಇವಳದ್ದು. ಮಾತ್ರೆ ನುಂಗೋದೂ ಇವಳೇ."

ಯಾರೋ ಗಂಟೆಯನ್ನು ನಿಲ್ಲಿಸಿದರು. ಚಿನಕುರುಳಿಯ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಲ್ಲೇ ಗಟ್ಟಿಯಾಗಿ ನಿಂತಿತ್ತು. "ಏನು ನಂದು?" ಎಂದಳು. "ದೊಡ್ಡಮ್ಮ, ಏನು ನಂದು?"

ಡಾಕ್ಟರಮ್ಮ ಬೈಯುತ್ತಾಳೆ, ಸಂಶೋಧನೆ ಕೆಡಿಸಿದಿರಿ ಎನ್ನುತ್ತಾಳೆ ಎಂದುಕೊಂಡರೆ, ಅವಳು ಹುಡುಗಿಯ ರೆಪ್ಪೆ ಕೆಳಗೆಳೆದು ನೋಡಿ, ಪಾದದ ಮೇಲೆ ಬೆರಳೊತ್ತಿ ನೋಡಿದಳು. ಒತ್ತಿದ ಕಡೆ ಬಿದ್ದ ಗುಳಿ ಮೇಲೇಳಲು ಹೊತ್ತು ತೆಗೆದುಕೊಂಡಿತು. "ನಡೀರಿ, ಆಸ್ಪತ್ರೆಗೆ. ಇಬ್ಬರೂ," ಎಂದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವಾಗ ಚಿನಕುರುಳಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಹುಡುಗಿಯೇ ಕೇಳಿದಳು. "ಸಾಯ್ತೀನಾ?"

"ಬಿಡ್ತು ಅನ್ನು!"

"ನೀನು ಯಾಕೆ ನಡುಗ್ತಿದೀಯ ಮತ್ತೆ?"

ದೊಡ್ಡಮ್ಮ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ರಕ್ತದ ಫಲಿತಾಂಶ ಬಂದಾಗ ಡಾಕ್ಟರಮ್ಮ ಆಸ್ಪತ್ರೆಯ ವೈದ್ಯರ ಜೊತೆ ಮಾತಾಡಿ ಬಂದು ಎದುರಿಗೆ ಕುಳಿತಳು. "ಸೆಕೆಯ ಕೆಲಸ ಬಂದ್. ಆ ಮಾತ್ರೆ ಪೂರ್ತಿ ಬಂದ್. ಒಣಗಿದ ದೇಹಕ್ಕೆ ಅದು ವಿಷ ಹಾಕಿದ ಹಾಗೆ. ಕಿಡ್ನಿ ಚೇತರಿಸ್ಕೋಬಹುದು. ಬಹುದು ಅಂತಷ್ಟೇ ಹೇಳ್ತೀನಿ. ಇನ್ನೊಂದು ಬೇಸಿಗೆ ಹೀಗೇ ಕಳೆದಿದ್ರೆ ಆ ಮಾತೂ ಹೇಳೋ ಹಾಗಿರ್ಲಿಲ್ಲ."

"ನಂದು?" ಎಂದಳು ದೊಡ್ಡಮ್ಮ, ಕೇಳಲೂ ಸಂಕೋಚಪಟ್ಟುಕೊಂಡು.

"ನಿಮ್ಮದೂ ಸವೆದಿದೆ. ನೀವೂ ಎಚ್ಚರಿಕೆಯಿಂದಿರಬೇಕು, ನೀರು ಬೇಕೇ ಬೇಕು. ಆದ್ರೆ ಇವಳಷ್ಟು ಕೆಟ್ಟಿಲ್ಲ."

ಆ ಮಾತು ಕೇಳಿ ದೊಡ್ಡಮ್ಮ ಅತ್ತಳು. ತನ್ನದು ಹೆಚ್ಚು ಕೆಟ್ಟಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ತಂಗಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಮಗಳನ್ನು ಮಲಗಿಸಿ ಬಂದ ತಂಗಿ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಕಿರುಚಲಿಲ್ಲ, ಶಪಿಸಲಿಲ್ಲ.

"ಇಷ್ಟು ವರ್ಷ ನೀನೂ ಕುಡೀತಿರ್ಲಿಲ್ವಾ ಅಕ್ಕ?"

"ಇಲ್ಲ."

"ಯಾಕೆ ಅಂತ ಯಾರೂ ಕೇಳ್ಲಿಲ್ವಾ?"

"ಹೊಗಳ್ತಿದ್ರು ಕಣೆ," ಎಂದಳು ದೊಡ್ಡಮ್ಮ.

ಮರುದಿನ ಕೆಲಸಕ್ಕೆ ಹೊರಟಾಗ ಅವಳಿಗೆ ಗೇಟಿನಲ್ಲೇ ತಡೆಯುತ್ತಾರೆಂಬ ಅನುಮಾನವಿತ್ತು. ತಡೆಯಲಿಲ್ಲ. ಹಾಲಿನಲ್ಲಿ ಅವಳನ್ನು ಯಾರೂ ಒಂಟೆ ಎಂದು ಕರೆಯಲೂ ಇಲ್ಲ. ಚಿನಕುರುಳಿಯ ಜಾಗದಲ್ಲಿ ರೇಡಿಯೋಳನ್ನು ನಿಲ್ಲಿಸಿದ್ದರು. ದೊಡ್ಡಮ್ಮನ ಕಾಲ ಬಳಿ ಅರ್ಧ ಖಾಲಿಯಾದ ನೀರಿನ ಬಾಟಲಿ ಇತ್ತು. ರೇಡಿಯೋ ಬೆಳಿಗ್ಗೆಯಿಂದ ಸುದ್ದಿಯಿಲ್ಲದೆ ಮುಖ ಬಿಗಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದಳು.

"ಹೋಗ್ಬೇಕಾ?" ಎಂದಳು ದೊಡ್ಡಮ್ಮ.

"ಏನಿಲ್ಲ, ತಡ್ಕೋತೀನಿ."

"ತಡ್ಕೋಬೇಡ. ಹೋಗು."

"ಗಂಟೆ ಹೊಡಿಯತ್ತಲ್ಲೇ."

"ಹೊಡ್ಕೊಳ್ಳಲಿ."

ರೇಡಿಯೋ ಹೆದರುತ್ತಲೇ ಹೆಜ್ಜೆ ಕಿತ್ತಳು. ರೋಲರು ನಿಂತಿತು, ಗಂಟೆ ಹೊಡೆಯಿತು, ತಲೆಗಳು ತಿರುಗಿದವು. ದೊಡ್ಡಮ್ಮ ಜಾಗ ಬಿಟ್ಟು ಕದಲದೆ, ನೋಡುತ್ತಿದ್ದ ಒಬ್ಬೊಬ್ಬರ ಮುಖವನ್ನೂ ತಾನೂ ನೋಡುತ್ತಾ ನಿಂತಳು. ಮೇಸ್ತ್ರಿ ಬಿರಬಿರನೆ ಬಂದ. ಬೈಯಲೆಂದು ತೆರೆದ ಬಾಯಿ, ನಿನ್ನೆಯವರೆಗೆ ಹುಡುಗಿ ನಿಲ್ಲುತ್ತಿದ್ದ ಜಾಗ ಕಂಡೊಡನೆ ಮುಚ್ಚಿಕೊಂಡಿತು. ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅಂಗಿಯ ತೋಳು ಮಡಚಿ, ಶೀಟಿನ ಇನ್ನೊಂದು ಮೂಲೆಯನ್ನು ಎತ್ತಿಕೊಂಡ.

ಅವನು ಕೊಟ್ಟ ಅಂಚು ಸೊಟ್ಟಗೆ ಹೋಯಿತು. ಆಚೆ ಬದಿಯಿಂದ ಯಾರೋ ಕಿಸಕ್ಕನೆ ನಕ್ಕರು.

"ಮೇಸ್ತ್ರಿಗಳೇ, ಮೂಲೆ ಎಳೆದು ಹಿಡೀರಿ," ಎಂದಳು ದೊಡ್ಡಮ್ಮ. "ಅಭ್ಯಾಸ ಆಗತ್ತೆ. ರೇಡಿಯೋ ಬಂದ್ಮೇಲೆ ನಾನು ಹೋಗ್ಬೇಕು."