ಪೂಜೆಯ ದಿನ ಮುಟ್ಟಿದ ಕಂಪ್ಯೂಟರ್

ಕಾಮಾಕ್ಷಿಪಾಳ್ಯದ ರಾಮಕ್ಕನ ಎಂಬ್ರಾಯ್ಡರಿ ಅಂಗಡಿಯ ಕಂಪ್ಯೂಟರ್ ಆಯುಧಪೂಜೆಯ ಮರುದಿನ ಬೆಳಿಗ್ಗೆ ಏಳಲೇ ಇಲ್ಲವಂತೆ. ಹದಿನೆಂಟು ವರ್ಷ ಅವಳು ಬಿಡಿಸಿದ್ದ ರವಿಕೆಯ ಚಿತ್ತಾರಗಳೆಲ್ಲ ಅದರೊಳಗೇ ಇದ್ದವು.

ರಿಪೇರಿಯ ಶಶಿಕುಮಾರ್ ತನ್ನ ಪೆನ್‌ಡ್ರೈವ್‌ನಿಂದ ಅದನ್ನು ಎಬ್ಬಿಸಿ, ಕೆಟ್ಟಿದ್ದ ಸಿಸ್ಟಂ ಫೈಲುಗಳನ್ನು ಸರಿಪಡಿಸಿದ. ನವಿಲು, ಬಳ್ಳಿ, ಮಾವಿನಕಾಯಿ ಎಲ್ಲವೂ ಪರದೆಗೆ ಮರಳಿದವು. ರಾಮಕ್ಕ ಕೈಮುಗಿದಳು.

“ಅಪ್‌ಡೇಟ್ ಆಗ್ತಿರೋವಾಗ್ಲೇ ಯಾರೋ ಪ್ಲಗ್ ಕಿತ್ತಿದಾರೆ ಆಂಟಿ. ಪೂಜೆ ದಿನ, ಮಧ್ಯಾಹ್ನ ಮೂರಕ್ಕೆ.”

“ಅವತ್ತು ಅದನ್ನ ಯಾರಪ್ಪ ಮುಟ್ತಾರೆ? ಕುಂಕುಮ ಇಟ್ಮೇಲೆ ನಾವು ಕತ್ತರೀನೂ ಮುಟ್ಟಲ್ಲ.”

“ಮುಟ್ಟಿದಾರೆ. ಬೇರೆ ಪೆನ್‌ಡ್ರೈವ್ ಹಾಕಿರೋದೂ ತೋರಿಸ್ತಾ ಇದೆ.”

ಅಂದು ದೀಪಕ್ಕೆ ಎಣ್ಣೆ ಹಾಕಲೆಂದು ಬೀಗದಕೈ ಪಡೆದಿದ್ದವಳು ಸಂಪಂಗಿ ಒಬ್ಬಳೇ. ಹನ್ನೆರಡು ವರ್ಷ ರಾಮಕ್ಕನ ಪಕ್ಕದಲ್ಲಿ ಕೂತು ಕೆಲಸ ಕಲಿತವಳು. ಈಗಲೂ ಪಕ್ಕದಲ್ಲೇ ನಿಂತಿದ್ದಳು. ರಾಮಕ್ಕ ತಿರುಗಿ ನೋಡಿದಾಗ ಅವಳು ತಲೆ ತಗ್ಗಿಸಿದಳು.

“ಕುರುಬರಹಳ್ಳೀಲಿ ನಾನೂ ಒಂದು ಅಂಗಡಿ ಇಡೋಣಾಂತ ಎಲ್ಲಾ ಕಾಪಿ ಮಾಡ್ಕೊಂಡೆ ಅಕ್ಕ. ಯಾರೋ ಬಂದಂಗಾಯ್ತು, ಭಯಕ್ಕೆ ಪ್ಲಗ್ ಕಿತ್ಬಿಟ್ಟೆ.”

“ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ! ದೇವರ ದೀಪ ನೋಡ್ಕೊ ಅಂತ ಬಿಟ್ಟು ಹೋದ್ರೆ, ಅದರ ಬೆಳಕಲ್ಲೇ ಕದ್ಯಲ್ಲೇ.”

ಕಂಪ್ಯೂಟರಿನ ಗುಂಡಿಯ ಮೇಲಿಟ್ಟಿದ್ದ ಕುಂಕುಮ ಅಳಿಸಿಹೋಗಿದ್ದನ್ನು ರಾಮಕ್ಕ ಬೆಳಿಗ್ಗೆಯೇ ಕಂಡು, ಇಲಿ ಓಡಾಡಿರಬೇಕು ಎಂದುಕೊಂಡಿದ್ದಳು. ಉಳಿದದ್ದನ್ನು ಈಗ ಸೆರಗಿನಿಂದ ಒರೆಸಿ, ಸಂಪಂಗಿಯ ಬಳಿಯೇ ಉಳಿದಿದ್ದ ಬೀಗದಕೈಗಾಗಿ ಕೈ ಚಾಚಿದಳು.