ಶುಕ್ರವಾರಕ್ಕೆ ಸವೆದ ಸಿಂಹ

ಗೋವಿನಕೋವಿಯ ಹನುಮಂತಮ್ಮನ ಮನೆಯಲ್ಲಿ ಹಳೆಯ ದಪ್ಪ ಐದು ರೂಪಾಯಿ ನಾಣ್ಯವೊಂದಿದೆ. ಲಕ್ಷ್ಮಿ ಕಳಶದ ಮುಂದೆ ಸಿಂಹದ ಕಡೆ ಮೇಲೆ ಮಾಡಿ ಇಡುತ್ತಾರೆ. ಪ್ರತಿ ಶುಕ್ರವಾರ ಮೇಲಿನ ಮುಖವನ್ನಷ್ಟೇ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಾರೆ. ಈಗ ಆ ಕಡೆ ಬೋಳಾಗಿದೆ.

ಸೊಸೆ ಮಮತಾ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದಳು. ಟಂಕಸಾಲೆಯಲ್ಲಿ ಅಚ್ಚು ತಪ್ಪಿದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಂತೆ. ಮನೆಯ ಬೋಳು ನಾಣ್ಯದ ಫೋಟೊವನ್ನು ಅದರಲ್ಲಿದ್ದ ನಂಬರಿಗೆ ಕಳಿಸಿದ್ದೇ ತಡ, ಫೋನ್ ಬಂತು. ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ ಎಂಟು ಸಾವಿರ ಕಟ್ಟಿ ಎಂದರು. ಅತ್ತೆ ಸೊಸೆ ಇಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹನುಮಂತಮ್ಮ ನಾಣ್ಯವನ್ನು ಸೆರಗಿಗೆ ಕಟ್ಟಿ, ತವರಿನವರು ಕೊಟ್ಟ ಬೆಂಡೋಲೆ ಬಿಚ್ಚಿಕೊಂಡು, ಅಡವಿಡಲು ಸೊಸೆಯ ಜೊತೆ ನ್ಯಾಮತಿಗೆ ಹೊರಟೇಬಿಟ್ಟರು.

ಪುಣ್ಯಕ್ಕೆ ಅಡವಿನ ಅಂಗಡಿಯ ಮುಂದೆ ತಂಗಿಯ ಮಗ ಭೀಮೇಶ್ ಸಿಕ್ಕ. ಹೈಸ್ಕೂಲ್ ಮೇಷ್ಟ್ರು, ನಾಣ್ಯ ಕೂಡಿಡುವ ಹುಚ್ಚು ಬೇರೆ. ವಿಷಯ ಕೇಳಿ, ನಾಣ್ಯವನ್ನು ಬಿಸಿಲಿಗೆ ಓರೆಯಾಗಿ ಹಿಡಿದ.

"ದೊಡ್ಡಮ್ಮ, ಸರಿಯಾಗಿ ನೋಡು. ಸಿಂಹದ ಮುಖ ಹೋಗೈತೆ, ಅಂಚಿನ ಅಕ್ಷರ ಇನ್ನೂ ಮಸುಕಾಗಿ ಕಾಣ್ತವೆ. ಉಬ್ಬಿದ್ದು ಮೊದಲು ಸವೀತೈತೆ. ಅಚ್ಚೇ ಬೀಳದಿದ್ರೆ ಅಕ್ಷರ ಎಲ್ಲಿಂದ ಬರಬೇಕು?"

ಹನುಮಂತಮ್ಮ ಸುಲಭಕ್ಕೆ ಒಪ್ಪುವವರಲ್ಲ. ಮೇಷ್ಟ್ರಿಗೆ ಎಲ್ಲದರಲ್ಲೂ ಅನುಮಾನ ಎಂದು ಗೊಣಗಿದರು. ಭೀಮೇಶ್ ಅಂಗಡಿಯ ತಕ್ಕಡಿಯಲ್ಲಿ ಅದೇ ಬಗೆಯ ಇನ್ನೊಂದು ನಾಣ್ಯದ ಜೊತೆ ತೂಗಿಸಿದ. ಪೂಜೆಯ ನಾಣ್ಯ ಹಗುರವಿತ್ತು. ಬರೀ ಅಚ್ಚು ತಪ್ಪಿದ್ದರೆ ತೂಕ ಕಡಿಮೆಯಾಗುತ್ತಿರಲಿಲ್ಲ, ಸವೆದ ಲೋಹ ತಿಕ್ಕಿದ ನೀರಿನ ಜೊತೆ ಬಚ್ಚಲಿಗೆ ಹೋಗಿದೆ ಎಂದ. ಚಿತ್ರ ಒಂದು ಪಕ್ಕಕ್ಕೆ ಸರಿದು ಮುದ್ರೆಯಾಗಿದ್ದರೆ ಅದು ಟಂಕಸಾಲೆಯ ತಪ್ಪು; ಗೀರು, ತೂತು, ಸುತ್ತಿಗೆಯ ಪೆಟ್ಟು ಜನರ ಕೈಯಲ್ಲಿ ಆದದ್ದು ಎಂದೂ ಬಿಡಿಸಿ ಹೇಳಿದ.

ಅಷ್ಟರಲ್ಲಿ ಅದೇ ಫೋನ್ ಮತ್ತೆ ಬಂತು. ಈ ಸಲ ಹನುಮಂತಮ್ಮನೇ ಮಾತಾಡಿದರು.

"ನಾಣ್ಯ ಕೊಡ್ತೀನಿ ಸ್ವಾಮಿ. ನಿಮ್ಮ ಎಂಟು ಸಾವಿರ ಹಿಡ್ಕೊಂಡು ಉಳಿದದ್ದು ಕಳಿಸ್ರಿ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಮಮತಾ ನಿಂತಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಿಚಿತ್ರ ನಾಣ್ಯವಿರಬಹುದು. ಬೆಳಕಿಗೆ ಹಿಡಿದು ನೋಡಿ, ತೂಗಿ ನೋಡಿ, ತಿಳಿದವರಿಗೆ ತೋರಿಸಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿದರೂ ನಂಬಬೇಡಿ, ಅದು ಇಂಥ ವ್ಯಾಪಾರಕ್ಕೆ ಶುಲ್ಕ ಕೇಳುವುದಿಲ್ಲ. ಮಾರುವವರು ನೀವು. ಕೊಳ್ಳುವವನಿಗೆ ನೀವೇಕೆ ದುಡ್ಡು ಕಟ್ಟಬೇಕು?