ವಾಯಿದೆ ವಕೀಲರು

ಅವರು ನಿಲ್ಲುವುದೇ ಅರ್ಧ. ಸೊಂಟ ಕುರ್ಚಿಯಿಂದ ಎದ್ದಿರುತ್ತದೆ, ಮೊಣಕಾಲು ಇನ್ನೂ ಮಡಿಸಿಯೇ ಇರುತ್ತದೆ. ಎಡಗೈ ಕರಿಕೋಟಿನ ಹರಿದ ಜೇಬನ್ನು ಮುಚ್ಚಿಕೊಂಡು, ಬಲಗೈ ದಿನಚರಿಯ ಮೇಲೆ ಊರಿಕೊಂಡು, "ಸ್ವಾಮೀ, ಒಂದು ಚಿಕ್ಕ ವಾಯಿದೆ" ಎಂದು ಪರಮ ವಿನಯದಿಂದ ಕೇಳಿ, ನ್ಯಾಯಾಧೀಶರು ಗೊಣಗಿಕೊಂಡು ಮುಂದಿನ ತಾರೀಖು ಹೇಳುವಷ್ಟರಲ್ಲಿ ಮತ್ತೆ ಕೂತಾಗಿರುತ್ತದೆ. ಇಪ್ಪತ್ತಾರು ವರ್ಷ ಹೀಗೆ ಅರ್ಧ ಎದ್ದು ಅರ್ಧ ಕೂತು ಅವರ ನಡಿಗೆಯೇ ಬಾಗಿಹೋಗಿದೆ. ಬೀದಿಯಲ್ಲೂ ದಾರಿಯ ಅಪ್ಪಣೆ ಕೇಳಿಕೊಂಡೇ ಹೆಜ್ಜೆ ಇಡುವವರ ಹಾಗೆ ಕಾಣುತ್ತಾರೆ. ಊರು ಇಟ್ಟ ಹೆಸರು ವಾಯಿದೆ ವಕೀಲರು. ಹೆಂಡತಿಯಂತೂ ಬಂದವರ ಮುಂದೆಯೇ, "ಮದುವೆಗೂ ಮೂರು ವಾಯಿದೆ ತಗೊಂಡ ಮಹಾರಾಯ್ರು ಇವ್ರು. ನಾಲ್ಕನೇದಕ್ಕೆ ನಮ್ಮಪ್ಪ ಒಪ್ಪಲಿಲ್ಲ" ಎನ್ನುತ್ತಾರೆ.

ನಗುವವರು ನಗಲಿ. ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ನಲವತ್ತೆರಡು ಮನೆಗಳು ನಿಂತದ್ದು ಈ ವಾಯಿದೆಗಳ ಮೇಲೆಯೇ. ಜಾಗ ನನ್ನದು, ಮನೆ ಕೆಡವಬೇಕು ಎಂದು ಗಿರಣಿಯ ಮಾಲೀಕ ದಾವೆ ಹೂಡಿದಾಗ ಅಲ್ಲಿನ ಕಾರ್ಮಿಕರ ಬಳಿ ಇದ್ದದ್ದು ಒಂದಿಷ್ಟು ಹಳೇ ನೀರಿನ ರಸೀದಿ ಮತ್ತು ಬಾಯಿ. ಬಾಯಿ ಬೀದಿಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ. ಹಾಗಾಗಿ ವಕೀಲರು ಸಾಕ್ಷಿಗೆ ಜ್ವರ ಎಂದರು, ನಕಲು ಕೈಸೇರಿಲ್ಲ ಎಂದರು, ಪ್ರತಿವಾದಿಗಳಲ್ಲಿ ಒಬ್ಬ ಸತ್ತರೆ ಅವನ ವಾರಸುದಾರರನ್ನು ಸೇರಿಸಬೇಕು ಎಂದರು. ಹದಿನೆಂಟು ವರ್ಷ. ದಾವೆಯ ಮೊದಲ ಪ್ರತಿವಾದಿ, ಆ ಗಿರಣಿಯಲ್ಲೇ ನೂಲು ಸುತ್ತುತ್ತಿದ್ದ ಅಕ್ಕ. ಧರಣಿಗಳಲ್ಲಿ ಲಾಠಿ ತಿಂದ ಹೆಂಗಸು. ತಿಂಗಳಿಗೊಮ್ಮೆ ಬಂದು ಬೈಯುತ್ತಿದ್ದಳು.

"ಏನ್ ತಮ್ಮಾ, ನಾನು ಸಾಯೋದ್ರೊಳಗೆ ತೀರ್ಪು ಕೇಳ್ತೀನೋ ಇಲ್ವೋ?"

"ತೀರ್ಪು ಬಂದ ದಿನ ಸೂರು ಹೋಗುತ್ತೆ ಅಕ್ಕಾ. ಕೇಳದೇ ಇರೋದೇ ಒಳ್ಳೇದು."

ಆ ಮನೆಗಳೇ ಓಟು ಹಾಕಿ ಅವರನ್ನು ಪುರಸಭೆಗೆ ಕಳಿಸಿದವು. ಮೂರನೇ ಸಲ ಗೆದ್ದಾಗ ಅಧ್ಯಕ್ಷರಾದರು. ಈಗ ದಾರಿ ನೇರವಿತ್ತು. ಪುರಸಭೆಯೇ ಜಾಗ ವಶಪಡಿಸಿಕೊಂಡು ಹಕ್ಕುಪತ್ರ ಕೊಡುವ ನಿರ್ಣಯವೊಂದು ಪಾಸಾದರೆ ಮಾಲೀಕನ ದಾವೆಗೆ ಕಾಲೇ ಉಳಿಯುವುದಿಲ್ಲ. ನಿರ್ಣಯವನ್ನು ತಾವೇ ಬರೆದರು, ಐದು ಸಲ ತಿದ್ದಿದರು. ಇಪ್ಪತ್ತಮೂರು ಸದಸ್ಯರಲ್ಲಿ ಹದಿಮೂರು ಜನ ಅವರ ಕಡೆ. ಅಕ್ಕ ಬೀದಿಯವರನ್ನೆಲ್ಲ ಎಬ್ಬಿಸಿಕೊಂಡು ಬಂದು ಸಭಾಂಗಣದ ಹಿಂದಿನ ಬೆಂಚುಗಳನ್ನು ತುಂಬಿಸಿದ್ದಳು. ಓದಿದ್ದಾಯಿತು, ಕೈ ಎತ್ತಿಸುವುದೊಂದೇ ಬಾಕಿ. ಆಗ ಎದುರುಪಕ್ಷದ ಮುದುಕನೊಬ್ಬ ಎದ್ದು, "ಜಾಗದ ನಕ್ಷೆಗೆ ಸರ್ವೆಯವರ ಸಹಿ ಇಲ್ವಲ್ಲ?" ಅಂದ. ನೊಣದಂಥ ಮಾತು; ಕೈಬೀಸಿದ್ದರೆ ಹಾರಿಹೋಗುತ್ತಿತ್ತು. ಆದರೆ ತೀರ್ಮಾನ ಹತ್ತಿರ ಬಂತೆಂದರೆ ಸೂರು ಕುಸಿಯುವ ಸದ್ದು ಕೇಳಿಸಿಕೊಂಡೇ ಬದುಕಿದ್ದವರು ನಮ್ಮ ವಕೀಲರು. ಅಧ್ಯಕ್ಷರು ಅರ್ಧ ಎದ್ದರು. ಎಡಗೈ ಜೇಬಿಗೆ ಹೋಯಿತು.

"ಮುಂದಿನ ಸಭೆಗೆ ಇಟ್ಕೊಳ್ಳೋಣ."

ಹಿಂದಿನ ಬೆಂಚಿನಿಂದ ಅಕ್ಕನ ಗಂಟಲು ಚಾವಣಿಗೆ ಬಡಿಯಿತು: "ಯಾರ ಹತ್ರ ವಾಯಿದೆ ಕೇಳ್ತಿದೀಯೋ? ಆ ಕುರ್ಚೀಲಿ ಕೂತಿರೋನು ನೀನೇ ಕಣೋ!"

ಮುಂದಿನ ಸಭೆಯ ಹೊತ್ತಿಗೆ ಅವರ ಕಡೆಯ ನಾಲ್ವರು ಸದಸ್ಯರು ಮಾಲೀಕನ ಕಾರಿನಲ್ಲಿ ಓಡಾಡುತ್ತಿದ್ದರು. ಅವಿಶ್ವಾಸ ಬಂತು, ಕುರ್ಚಿ ಹೋಯಿತು, ನಿರ್ಣಯ ಕಪಾಟು ಸೇರಿತು.

ಸೋಮವಾರ ಅದೇ ಕೋಟು, ಅದೇ ಬೆಂಚು. "ಮಾಜಿ ಅಧ್ಯಕ್ಷರೇ, ಇವತ್ತಾದ್ರೂ ವಾದ ಮಾಡ್ತೀರಾ?" ಎಂದು ಎದುರು ವಕೀಲ ಕಿಚಾಯಿಸಿದ. ಅವರು ಮೂರು ತಿಂಗಳ ತಾರೀಖು ಪಡೆದು ಹೊರಗೆ ಬಂದರು. ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಈ ಸಲ ಬೈಯಲಿಲ್ಲ.

"ನಾನು ಸತ್ರೆ ಎಷ್ಟು ದಿನ ಸಿಗುತ್ತೆ ತಮ್ಮಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ವಾರಸುದಾರರನ್ನ ಸೇರಿಸೋಕೆ... ಒಂದು ಆರು ತಿಂಗಳು."

"ಹಾಗಾದ್ರೆ ಅದನ್ನೂ ಬರ್ಕೊಂಡಿರು."

ದಿನಚರಿ ತೆರೆದ ಕೈ ಹಾಗೆಯೇ ನಿಂತಿತು.

ಇಂಥವರು ಊರಿಗೊಬ್ಬರು ಇರುತ್ತಾರೆ. ಬೀಳುವ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವವರು. ಅವರಿಲ್ಲದಿದ್ದರೆ ನಮ್ಮ ಘೋಷಣೆಗಳೆಲ್ಲ ಇಟ್ಟಿಗೆಯಡಿ ಸತ್ತು ಎಷ್ಟೋ ಕಾಲವಾಗಿರುತ್ತಿತ್ತು. ಆದರೆ ಬೆನ್ನು ಕೊಟ್ಟೂ ಕೊಟ್ಟೂ ತಮಗೆ ಕೈಯೂ ಇದೆ ಎಂಬುದು ಅವರಿಗೆ ಮರೆತುಹೋಗುತ್ತದೆ. ಅದನ್ನು ಎತ್ತಬೇಕಾಗಿದ್ದದ್ದು ಒಂದೇ ಸಲ.